ಐದು ಗೋಲು, ಹದಿನಾಲ್ಕು ಗಂಟು

ಶಂಶಾಬಾದ್

ನನ್ನ ಮೊದಲ ವಿದೇಶ ಪ್ರವಾಸ ಒಂದು ಜೊತೆ ಹೊಲಸು ಗ್ಲೌಸಿನ ವಿಚಾರಣೆಯಿಂದ ಶುರುವಾಯಿತು. ಶಂಶಾಬಾದ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲ ಯಂತ್ರದೊಳಗೆ ಹೋದದ್ದು ಬೇರೆ ದಾರಿಯಿಂದ ಹೊರಗೆ ಬಂತು. ಸಮವಸ್ತ್ರದ ಹೆಣ್ಣುಮಗಳೊಬ್ಬಳು ಅದರ ತಳಕ್ಕೆ ಕೈ ಹಾಕಿ ಗ್ಲೌಸನ್ನು ಎಳೆದಳು. ಗಾರೆ ಕೆಲಸದವರು ಹಾಕಿಕೊಳ್ಳುವಂಥವು, ಬಿಳಿ ನೂಲಿನವು, ಅಂಗೈ ತುಂಬ ನೀಲಿ ರಬ್ಬರಿನ ಚುಕ್ಕಿ. ಬಿಳಿ ಎನ್ನುವುದು ಹೆಸರಿಗೆ ಮಾತ್ರ. ಅವಳು ಕೊಡವಿದ ಕೂಡಲೇ ಮೇಜಿನ ಮೇಲೆ ಸಿಮೆಂಟಿನ ಪುಡಿ ಉದುರಿತು.

"ಏ ಕ್ಯಾ ಹೈ, ಅಮ್ಮಾ?"

"ಫುಟ್‌ಬಾಲ್ ಕಾ ಸಾಮಾನ್."

ಅವಳು ನನ್ನ ಇಳಕಲ್ ಸೀರೆ, ಸೀರೆಯ ಕೆಳಗಿನ ಕ್ಯಾನ್ವಾಸ್ ಬೂಟು, ಅರ್ಧ ಬೆಳ್ಳಗಾದ ತಲೆ ಎಲ್ಲವನ್ನೂ ಒಂದು ಸುತ್ತು ನೋಡಿದಳು. "ಆಪ್ ಖೇಲ್ತೇ?"

"ನೈ, ಖಿಲಾತೂಂ," ಎಂದೆ. ಆಡುವವಳಲ್ಲ, ಆಡಿಸುವವಳು. ಅವಳಿಗೆ ಏನನ್ನಿಸಿತೋ, ಪುಡಿ ಒರೆಸಿ ಗ್ಲೌಸ್ ವಾಪಸು ಕೊಟ್ಟಳು.

ಆ ಗ್ಲೌಸ್ ನನ್ನವಲ್ಲ. ಶರಣಮ್ಮನವು. ನಾನು ಲಿಂಗಂಪಲ್ಲಿಯ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್. ಹೆಸರು ಶಕುಂತಲಾ, ವಯಸ್ಸು ಐವತ್ತೇಳು, ನಾಲಿಗೆ ಸ್ವಲ್ಪ ಖಾರ. ಕಂದಾಯ ಇಲಾಖೆಯ ನೌಕರಿಗೆಂದು ಅಜ್ಜ ಕಲಬುರಗಿಯಿಂದ ಬಂದು ಹೈದರಾಬಾದಿನ ನಾರಾಯಣಗೂಡದಲ್ಲಿ ಮನೆ ಮಾಡಿದರು. ಅಂದಿನಿಂದ ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಸಿಟ್ಟು ಬಂದರೆ ಹಿಂದಿ. ನಮ್ಮ ಶಾಲೆಯ ಮಕ್ಕಳಲ್ಲಿ ಬಹಳಷ್ಟು ಜನ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅವರಲ್ಲಿ ಹನ್ನೆರಡು ಹುಡುಗಿಯರನ್ನು ಸೇರಿಸಿ ನಾನೊಂದು ಫುಟ್‌ಬಾಲ್ ತಂಡ ಕಟ್ಟಿದೆ. ಒಂಬತ್ತನೇ ತರಗತಿಯ ಶರಣಮ್ಮ ಗೋಲ್ ಕೀಪರ್. ಅಪ್ಪನ ಕೆಲಸದ ಗ್ಲೌಸೇ ಅವಳ ಗ್ಲೌಸ್.

ಕಳೆದ ಚಳಿಗಾಲದ ಶಾಲಾ ಪಂದ್ಯಾವಳಿಯಲ್ಲಿ ನಮ್ಮ ಗುಂಪಿನಲ್ಲಿ ನಾಲ್ಕು ತಂಡ. ಮೊದಲೆರಡು ಪಂದ್ಯ ಸೋತೆವು. ಮೂರನೆಯದರಲ್ಲಿ ಅರ್ಧ ಆಟಕ್ಕೇ ಐದು ಗೋಲು ಬಿದ್ದವು. ನೋಡಲು ಬಂದಿದ್ದ ಬೇರೆ ಶಾಲೆಯ ಮಕ್ಕಳು ನಗುತ್ತಿದ್ದರು. ನಾನು ರೆಫರಿಯ ಹತ್ತಿರ ಹೋಗಿ, "ಇಷ್ಟು ಸಾಕ್ರಿ, ವಾಕೋವರ್ ಬರಕೊಳ್ರಿ," ಎಂದು ಉಳಿದರ್ಧ ಆಡದೆ ಪಂದ್ಯ ಬಿಟ್ಟುಕೊಟ್ಟೆ. ಹುಡುಗಿಯರ ಮರ್ಯಾದೆ ಉಳಿಸಿದೆ ಎಂದೇ ಆಗ ನನ್ನ ತಿಳಿವಳಿಕೆ. ತಿರುಗಿ ನೋಡಿದರೆ ಶರಣಮ್ಮ ನೀರು ಕುಡಿದು, ದ್ವಿತೀಯಾರ್ಧಕ್ಕೆಂದು ಗ್ಲೌಸನ್ನು ಮತ್ತೆ ಏರಿಸಿಕೊಳ್ಳುತ್ತಿದ್ದಳು. ವಿಷಯ ಹೇಳಿದೆ. ಗ್ಲೌಸ್ ಬಿಚ್ಚಿ ನನ್ನ ಚೀಲದಲ್ಲಿ ಹಾಕಿ ಹೋದವಳು ಮತ್ತೆ ಅಭ್ಯಾಸಕ್ಕೆ ಬರಲಿಲ್ಲ. ಕೀಪರ್ ಇಲ್ಲದ ತಂಡ ಒಬ್ಬೊಬ್ಬಳಾಗಿ ಕರಗಿತು.

ಬೇಸಿಗೆ ರಜೆಗೆ ಮುಂಚೆ ಹೆಡ್‌ಮಾಸ್ಟರು ಕರೆದು ಹೇಳಿದರು, "ಶಾಲೆ ತೆರೆದ ಮೊದಲ ವಾರ ಪ್ರವೇಶ ಪತ್ರ ಕೊಡಬೇಕು. ತಂಡ ಇದೆಯೋ ಇಲ್ಲವೋ ಆಗ ಹೇಳಿ. ಇಲ್ಲದಿದ್ದರೆ ಖೊಖೊ ಒಂದೇ ಸಾಕು." ತಂಡ ಇರಬೇಕೆಂದರೆ ಮೊದಲು ಶರಣಮ್ಮ ಬರಬೇಕು. ಅವಳಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಆ ದಿನಗಳಲ್ಲೇ ಫೋನಿನಲ್ಲಿ ವಿಶ್ವಕಪ್‌ನ ಯುರೋಪಿನ ಅರ್ಹತಾ ಗುಂಪುಗಳ ಪಟ್ಟಿ ನೋಡುವ ಚಟ ಹತ್ತಿತು. ಐದು ದೇಶಗಳ ಒಂದು ಗುಂಪು. ಪ್ರತಿಯೊಬ್ಬರೂ ಉಳಿದ ನಾಲ್ವರ ಜೊತೆ ತಮ್ಮ ಊರಲ್ಲೊಮ್ಮೆ, ಅವರ ಊರಲ್ಲೊಮ್ಮೆ ಆಡಬೇಕು. ಮೇಲಿದ್ದವರು ವಿಶ್ವಕಪ್‌ಗೆ, ತಳದಲ್ಲಿದ್ದವರು ಮನೆಗೆ. ಆ ತಳದಲ್ಲಿ ಲಿಖ್ಟನ್‌ಸ್ಟೈನ್ ಎಂಬ ಪುಟ್ಟ ದೇಶದ ಹೆಸರಿತ್ತು. ಅಂಕ ಸೊನ್ನೆ, ಹೊಡೆದ ಗೋಲು ಸೊನ್ನೆ. ಆದರೂ ಮುಂದಿನ ಪಂದ್ಯದ ದಿನ ನಿಗದಿಯಾಗಿತ್ತು. ಇವರು ಯಾಕೆ ವಾಕೋವರ್ ಕೊಡುವುದಿಲ್ಲ? ಈ ಪ್ರಶ್ನೆ ತಲೆಗೆ ಹೊಕ್ಕದ್ದು ಹೊರಗೆ ಹೋಗಲೇ ಇಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ನರ್ಸ್ ಆಗಿರುವ ಅಕ್ಕನ ಮಗಳು ವಿಜಯಾ ಎಂಟು ವರ್ಷದಿಂದ ಕರೆಯುತ್ತಿದ್ದಳು. ಈ ಸಲ ನಾನೇ ಫೋನು ಮಾಡಿದೆ. "ಬರ್ತೀನಿ. ಆದ್ರ ಒಂದ್ ಮ್ಯಾಚ್ ತೋರಸ್ಬೇಕು."

ಸಾಂಕ್ಟ್ ಗಾಲೆನ್

ವಿಜಯಾ ಇರುವ ಊರಿನಲ್ಲಿ ಎಲ್ಲವೂ ಮೆತ್ತಗೆ. ಬಾಗಿಲು ಮೆತ್ತಗೆ ಮುಚ್ಚುತ್ತದೆ, ಬಸ್ಸು ಮೆತ್ತಗೆ ನಿಲ್ಲುತ್ತದೆ, ಮಕ್ಕಳು ಕೂಡ ಮೆತ್ತಗೆ ಅಳುತ್ತವೆ. ನಾನು ಹೋದ ಮೂರನೇ ದಿನ ಭಾನುವಾರ. ಬೆಳಿಗ್ಗೆ ಎದ್ದು, ಹೊತ್ತು ತಂದಿದ್ದ ಜೋಳದ ಹಿಟ್ಟು ಕಲಸಿ, ರೊಟ್ಟಿ ಬಡಿಯಲು ಕೂತೆ. ನಾಲ್ಕನೇ ರೊಟ್ಟಿ ಬಡಿಯುವಾಗ ಕರೆಗಂಟೆ ಕೇಳಿಸಿತು.

ಬಾಗಿಲಲ್ಲಿ ಕೆಳಮನೆಯ ಉದ್ದನೆಯ ಮುದುಕ. ಮಲಗುವಾಗಿನ ನಿಲುವಂಗಿ ಹಾಕಿಕೊಂಡಿದ್ದರೂ ತಲೆ ನೀಟಾಗಿ ಬಾಚಿಕೊಂಡಿದ್ದ. ವಿಜಯಾ ಅವನ ಮಾತು ಕೇಳಿ ಕೆಂಪಗಾಗಿ ನನ್ನ ಕಡೆ ತಿರುಗಿದಳು. "ಮಾವಶಿ, ಭಾನುವಾರ ಇಲ್ಲಿ ಸಪ್ಪಳ ಮಾಡಂಗಿಲ್ಲ. ಮನ್ಯಾಗ ಯಾರನ್ನರ ಹೊಡ್ಯಾಕತ್ತೀರೇನು ಅಂತ ಕೇಳಾಕತ್ತಾನ."

ನಾರಾಯಣಗೂಡದಲ್ಲಿ ಭಾನುವಾರ ಬೆಳಿಗ್ಗೆ ಸಪ್ಪಳ ಇಲ್ಲದಿದ್ದರೆ ನೆರೆಯವರು ಹೆದರಿ ಬಂದು ವಿಚಾರಿಸುತ್ತಾರೆ. ನಾನು ಅವನನ್ನು ಒಳಗೆ ಕರೆದು ಹೆಂಚು ತೋರಿಸಿದೆ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೈಗೆ ಕೊಟ್ಟೆ. ನಿಂತೇ ತಿಂದ. ಆಮೇಲೆ ನಾನು ಬಂದದ್ದು ಯಾವ ಬೆಟ್ಟ ನೋಡಲು ಎಂದು ಕೇಳಿದ. ವಿಜಯಾ ಪಂದ್ಯದ ವಿಷಯ ಹೇಳಿದಳು. ಅವನು ಜೋರಾಗಿ ನಕ್ಕ. ಭಾನುವಾರದ ನಿಯಮ ಅವನ ನಗೆಗೆ ಅನ್ವಯಿಸುವುದಿಲ್ಲವೇನೋ.

"ಭಾರತದಿಂದ ಇಷ್ಟು ದೂರ ಬಂದಿದ್ದು ಅವರು ಸೋಲೋದು ನೋಡಾಕೇನು, ಅಂತಾನ," ಎಂದಳು ವಿಜಯಾ.

"ಹೌದು ಅನ್ನು," ಎಂದೆ.

ಆ ವಾರವಿಡೀ ಅವಳು ಹಿಮದ ಬೆಟ್ಟದ ಆಸೆ ತೋರಿಸಿದಳು. ಅವಳಿಗೆ ಉಳಿದಿದ್ದ ರಜೆ ಶನಿವಾರ ಒಂದೇ. ಬೆಟ್ಟವೂ ಶನಿವಾರವೇ, ಪಂದ್ಯವೂ ಶನಿವಾರವೇ. "ಮಾವಶಿ, ಮಂದಿ ಸಾಯೋದ್ರಾಗ ಒಮ್ಮೆ ನೋಡ್ಬೇಕಂತಾರ ಆ ಬೆಟ್ಟ," ಎಂದಳು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಪ್ರವೇಶ ಪತ್ರದ ದಿನ ಹೋಗಿಬಿಡುತ್ತದೆ ಎಂದೆ. ಅವಳಿಗೆ ಸಿಟ್ಟು ಬಂತು. ನಾನು ಪಟ್ಟು ಬಿಡಲಿಲ್ಲ.

ಬುಕ್ಸ್

ಬುಕ್ಸ್ ಎಂಬ ಸ್ಟೇಷನ್ನಿನವರೆಗೆ ರೈಲು, ಅಲ್ಲಿಂದ ಬಸ್ಸು. ಬಸ್ಸು ರೈನ್ ನದಿಯ ಸೇತುವೆ ದಾಟಿದರೆ ಇನ್ನೊಂದು ದೇಶ, ಲಿಖ್ಟನ್‌ಸ್ಟೈನ್. ದೇಶ ಬದಲಾಗುತ್ತದೆ ಎಂದ ಮೇಲೆ ನಾನು ತಯಾರಾಗಿದ್ದೆ. ಪಾಸ್‌ಪೋರ್ಟು, ಅದರ ಎರಡು ನಕಲು, ಶಾಲೆಯ ರಜೆ ಮಂಜೂರಾತಿ ಪತ್ರ, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಅವಚಿಕೊಂಡು ಕೂತಿದ್ದೆ. ಸೇತುವೆ ಬಂತು, ಹೋಯಿತು. ಗೇಟಿಲ್ಲ, ಪೊಲೀಸರಿಲ್ಲ, ಒಂದು ಹಗ್ಗ ಕೂಡ ಅಡ್ಡ ಇಲ್ಲ. ಏನೋ ತಪ್ಪಿಹೋಯಿತು, ವಾಪಸು ಬರುವಾಗ ನನ್ನನ್ನು ಹಿಡಿಯುತ್ತಾರೆ ಎಂದು ದಿಗಿಲಾಗಿ ಎದ್ದು ಹೋಗಿ ಪಾಸ್‌ಪೋರ್ಟನ್ನು ಡ್ರೈವರನ ಮುಂದೆ ಹಿಡಿದೆ.

ಅವನು ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಬಹಳ ಗೌರವದಿಂದ ಅದನ್ನು ತೆಗೆದುಕೊಂಡು, ಫೋಟೋ ನೋಡಿ, ನನ್ನನ್ನು ನೋಡಿ, ತಲೆಯಾಡಿಸಿ ವಾಪಸು ಕೊಟ್ಟ. ಹಿಂದಿದ್ದವರು ಯಾರೂ ನಗಲಿಲ್ಲ. ನಕ್ಕವಳು ವಿಜಯಾ ಒಬ್ಬಳೇ, ಅದೂ ಕಿಟಕಿಯ ಕಡೆ ಮುಖ ಮಾಡಿ. ನನ್ನ ಮೇಲಿನ ಸಿಟ್ಟು ಅಲ್ಲಿಗೆ ಇಳಿದಿರಬೇಕು.

ಫಾಡುಟ್ಸ್

ರಾಜಧಾನಿಯ ಹೆಸರು ಫಾಡುಟ್ಸ್. ರಾಜಧಾನಿ ಎಂದರೆ ಗದ್ದಲ ಇರಬೇಕಲ್ಲ. ಬೆಳಿಗ್ಗೆ ಲೋಕಲ್ ರೈಲು ಬಂದಾಗ ಲಿಂಗಂಪಲ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಇರುವಷ್ಟು ಜನ ಇಡೀ ಊರಿನಲ್ಲಿ ಕಾಣಲಿಲ್ಲ. ಮೇಲೆ ಗುಡ್ಡದ ಮೇಲೆ ರಾಜನ ಕೋಟೆ, ಕೆಳಗೆ ದ್ರಾಕ್ಷಿ ತೋಟ, ನಡುವೆ ಒಂದು ಬೀದಿ. ಎದುರಿಗೆ ಬಂದವರೆಲ್ಲ "ಹೋಯ್" ಎನ್ನುತ್ತಾರೆ. ನಮ್ಮಲ್ಲಿ ಹೋಯ್ ಎಂದರೆ ಜಗಳಕ್ಕೆ ಕರೆದಂತೆ, ಇಲ್ಲಿ ಅದು ನಮಸ್ಕಾರ. ಹತ್ತು ಸಲ ಆದ ಮೇಲೆ ನಾನೂ ಹೋಯ್ ಎನ್ನತೊಡಗಿದೆ.

ರಸ್ತೆ ದಾಟಲು ನಿಂತಾಗ ಇನ್ನೊಂದು ಪೇಚು. ಕಾರು ಹೋಗಲಿ ಎಂದು ನಾನು ನಿಂತೆ, ನಾನು ಹೋಗಲಿ ಎಂದು ಕಾರು ನಿಂತಿತು. ಹೈದರಾಬಾದಿನಲ್ಲಿ ಕಾರು ನಿಂತಿದೆ ಎಂದರೆ ಪೆಟ್ರೋಲು ಮುಗಿದಿದೆ ಎಂದರ್ಥ. ನಾನು ಕೈ ಬೀಸಿ ಹೋಗು ಎಂದೆ, ಅವನು ಕೈ ಬೀಸಿ ಹೋಗಿ ಎಂದ. ವಿಜಯಾ ರಟ್ಟೆ ಹಿಡಿದು ಎಳೆದಾಗಲೇ ಈ ಮರ್ಯಾದೆ ಮುಗಿದದ್ದು.

ಕ್ರೀಡಾಂಗಣ

ಆಟ ಸಂಜೆ ಆರಕ್ಕೆ. ಜೂನ್ ಆದ್ದರಿಂದ ಬಿಸಿಲು ಇನ್ನೂ ಬೆಟ್ಟದ ಮೇಲಿತ್ತು. ಬಾಗಿಲ ಕಾವಲುಗಾರ ನನ್ನ ಚೀಲ ತೆರೆಸಿ ಅಗಸಿ ಹಿಂಡಿಯ ಖಾರದ ಪುಡಿ ಇದ್ದ ಡಬ್ಬಿ ಮೂಸಿದ. ಇದೇನೆಂದು ಕೇಳಿದ್ದಕ್ಕೆ ಒಂದು ಚಿಟಿಕೆ ಅವನ ಅಂಗೈಗೆ ಹಾಕಿದೆ. ನಾಲಿಗೆಗೆ ಇಟ್ಟವನು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋಗಲು ಸನ್ನೆ ಮಾಡಿದ. ಗ್ಲೌಸಿನ ಬಗ್ಗೆ ಕೇಳುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ.

ಮೈದಾನ ಚಿಕ್ಕದು, ಚೊಕ್ಕದು. ನಮ್ಮ ಪಕ್ಕದ ಕುರ್ಚಿಯಲ್ಲಿ ಎಪ್ಪತ್ತೈದು ದಾಟಿದ ಒಬ್ಬ ಹೆಂಗಸು, ಹೆಡ್ವಿಗ್ ಎಂದು ಹೆಸರು ಹೇಳಿದಳು. ಕೆಂಪು ಟೊಪ್ಪಿಗೆ, ಮಡಿಲಲ್ಲಿ ನೀಲಿ ಉಣ್ಣೆಯ ಒಂದು ದಾರ. ಹೆಣೆಯಲು ಕಡ್ಡಿ ಇರಲಿಲ್ಲ, ಬರೀ ದಾರ. ಮುದುಕರ ಕೈಗೆ ಏನಾದರೂ ಬೇಕಾಗುತ್ತದೆ ಎಂದುಕೊಂಡೆ. ತಮ್ಮ ತಂಡದ ಹುಡುಗರಲ್ಲಿ ಕೆಲವರಿಗೆ ಸೋಮವಾರ ಬೇರೆ ನೌಕರಿ ಇದೆ, ಅದೇ ಅವರ ಊಟ ಎಂದು ಅವಳು ವಿಜಯಾಳಿಗೆ ಹೇಳಿದಳು. ಎದುರಾಳಿ ಬಹಳ ದೊಡ್ಡ ದೇಶ. ಅದರ ಹೆಸರು ನಾನು ಬರೆಯುವುದಿಲ್ಲ, ಗೆದ್ದವರ ಹೆಸರು ಹೇಗೂ ಎಲ್ಲರಿಗೂ ಗೊತ್ತಿರುತ್ತದೆ.

ಅರ್ಧ ಆಟಕ್ಕೆ ಮೂರು ಗೋಲು. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನಾಲ್ಕನೆಯದು. ಲಿಖ್ಟನ್‌ಸ್ಟೈನಿನ ಗೋಲ್ ಕೀಪರ್ ನೆಲದಿಂದ ಏಳುತ್ತಿದ್ದ. ನನಗೆ ಅದನ್ನು ನೋಡಲಾಗಲಿಲ್ಲ. ಚೀಲ ಹೆಗಲಿಗೆ ಹಾಕಿ ಎದ್ದು ನಿಂತೆ. "ನಡಿ ವಿಜಯಾ, ಸಾಕು. ಪಾಪ, ಅವರಿಗೆ ನಾವ್ ನೋಡಿದ್ರ ಅವಮಾನ."

ಇದನ್ನು ಊರಿನ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಾರಾಯಣಗೂಡದ ಬೀದಿ ತುಂಬ ಕೋಚಿಂಗ್ ಸೆಂಟರುಗಳು. ಫಲಿತಾಂಶದ ದಿನ ಫೇಲಾದ ಹುಡುಗ ಎದುರಿಗೆ ಬಂದರೆ ನಾವು ರಸ್ತೆಯ ಆಚೆ ಬದಿಗೆ ಹೋಗುತ್ತೇವೆ, ಅಂಗಡಿಯ ಬೋರ್ಡು ಓದುತ್ತೇವೆ, ಅವನ ಮನೆಗೆ ಹದಿನೈದು ದಿನ ಹೋಗುವುದಿಲ್ಲ. ಸೋತವನ ಮುಖ ನೋಡದಿರುವುದೇ ಅವನಿಗೆ ಕೊಡುವ ಮರ್ಯಾದೆ ಎಂದು ನಮ್ಮನ್ನು ಬೆಳೆಸಿದ್ದಾರೆ. ನಾನೂ ಮೂವತ್ತು ವರ್ಷ ಮಕ್ಕಳನ್ನು ಹಾಗೇ ಬೆಳೆಸಿದ್ದೇನೆ.

ಹೆಡ್ವಿಗ್ ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು. ಏನೋ ಅಂದಳು, ಆ ಮೆತ್ತಗಿನ ದೇಶಗಳಲ್ಲಿ ನಾನು ಕೇಳಿದ ಮೊದಲ ಬಿರುಸು ಮಾತು.

ವಿಜಯಾ ಅನುಮಾನಿಸುತ್ತಲೇ ಹೇಳಿದಳು. "ಕೂಡ್ರು ಅನ್ನಾಕತ್ತಾಳ. ಅವ್ರಿನ್ನೂ ಆಡಾಕತ್ತಾರ, ನೀ ಯಾಕ ಎದ್ದಿ ಅಂತಾಳ. ಇಷ್ಟ್ ದೂರ ಬಂದು ಬೆನ್ನ್ ತೋರಸ್ತೀಯೇನು ಅಂತ."

ಬೇರೆ ಯಾರಾದರೂ ಹೀಗೆ ಕೈ ಹಿಡಿದಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ಬೆನ್ನು ಎಂಬ ಮಾತು ಕೇಳಿ ಕೂತುಬಿಟ್ಟೆ. ಗ್ಲೌಸ್ ಏರಿಸಿಕೊಳ್ಳುತ್ತಿದ್ದ ಹುಡುಗಿಗೆ ನಾನು ಅಂದು ತೋರಿಸಿದ್ದು ಅದನ್ನೇ. ಮರ್ಯಾದೆ ಉಳಿಸಿದ್ದು ನನ್ನದು, ಅವಳದಲ್ಲ. ನೋಡಲಾಗದೆ ಇದ್ದದ್ದು ನನಗೆ. ಆಡಲಾಗುವುದಿಲ್ಲ ಎಂದು ಅವಳು ಹೇಳಿಯೇ ಇರಲಿಲ್ಲ. ಆರು ತಿಂಗಳಿಂದ ಹುಡುಕುತ್ತಿದ್ದ ಉತ್ತರ ಸಿಕ್ಕಿತ್ತು, ಸಿಕ್ಕಿದ ರೀತಿಗೆ ನನಗೆ ನಾಚಿಕೆಯಾಗಿತ್ತು.

ಆಗಲೇ ಎದುರಾಳಿಯೊಬ್ಬ ಹತ್ತಿರದಿಂದ ಬಲವಾಗಿ ಒದ್ದ. ಕೀಪರ್ ಅಡ್ಡ ಬಿದ್ದು ಬೆರಳ ತುದಿಯಿಂದ ಚೆಂಡನ್ನು ಹೊರಗೆ ತಳ್ಳಿದ. ಹೆಡ್ವಿಗ್ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ದಾರ ಎತ್ತಿ ಒಂದು ಗಂಟು ಹಾಕಿದಳು. ನೋಡಿದರೆ ದಾರದಲ್ಲಿ ಆಗಲೇ ಎಷ್ಟೋ ಗಂಟುಗಳಿದ್ದವು.

ಏನಿದು ಎಂದು ವಿಜಯಾಳಿಂದ ಕೇಳಿಸಿದೆ. ಅವಳು ಆಟದಿಂದ ಕಣ್ಣು ತೆಗೆಯದೆ ಹೇಳಿದ್ದನ್ನು ವಿಜಯಾ ತುಂಡುತುಂಡಾಗಿ ಹೇಳಿದಳು. "ಅಕಿ ಗಂಡ ಇಲ್ಲೇ ಒಂದ್ ಹಳ್ಳಿ ಟೀಮಿಗೆ ಕೀಪರ್ ಇದ್ನಂತ. ಆಡಿ ಬಂದಾಗ ಊರ ಮಂದಿಯೆಲ್ಲ ಎಷ್ಟ್ ಗೋಲ್ ಬಿಟ್ಟಿ ಅಂತ ಕೇಳ್ತಿದ್ರಂತ. ಈಕಿ ಒಬ್ಬಾಕಿ ಎಷ್ಟ್ ತಡದಿ ಅಂತ ಕೇಳ್ತಿದ್ಲಂತ. ಮರೀಬಾರದಂತ ಆವಾಗಿಂದ ಗಂಟ್ ಹಾಕೋದು. ಅವ ಸತ್ತು ಭಾಳ ವರ್ಷ ಆತಂತ. ರೂಢಿ ಬಿಟ್ಟಿಲ್ಲ."

ನಾನು ಶರಣಮ್ಮನ ವಿಷಯ ಹೇಳಿದೆ. ವಾಕೋವರ್ ಕೊಟ್ಟದ್ದನ್ನೂ ಮುಚ್ಚಿಡಲಿಲ್ಲ. ಚೀಲದಿಂದ ಗ್ಲೌಸ್ ತೆಗೆದು ತೋರಿಸಿದೆ. ಹೆಡ್ವಿಗ್ ಅದರ ರಬ್ಬರ್ ಚುಕ್ಕಿಗಳ ಮೇಲೆ ಹೆಬ್ಬೆರಳಾಡಿಸಿ ಒಂದೇ ಪ್ರಶ್ನೆ ಕೇಳಿದಳು. ಆ ಹುಡುಗಿ ಆವತ್ತು ಎಷ್ಟು ತಡೆದಳು?

ನನಗೆ ಗೊತ್ತಿರಲಿಲ್ಲ. ಐದು ಎಂದು ಮಾತ್ರ ಗೊತ್ತಿತ್ತು, ಅದು ಬಿಟ್ಟದ್ದರ ಲೆಕ್ಕ.

ಐದನೇ ಗೋಲು ಕೊನೆಯ ಹತ್ತು ನಿಮಿಷದಲ್ಲಿ ಬಿತ್ತು. ಕೀಪರ್ ಚೆಂಡನ್ನು ಬಲೆಯಿಂದ ತಾನೇ ತೆಗೆದು, ಮಧ್ಯದ ಗೆರೆಯ ಕಡೆಗೆ ಓಡಿ ಕೊಟ್ಟುಬಂದ, ಸಮಯ ಹಾಳಾಗಬಾರದೆಂದು. ಐದು ಗೋಲಿನಿಂದ ಸೋಲುತ್ತಿರುವವನಿಗೆ ಎಂಥ ಅವಸರ! ನಾನು ಎದ್ದು ನಿಂತೆ, ಈ ಸಲ ಹೋಗಲು ಅಲ್ಲ. "ಭೇಷ್ ಮಗನ, ಭೇಷ್!" ಎಂದು ಕೂಗಿದೆ. ಸುತ್ತಲಿನವರು ತಿರುಗಿ ನೋಡಿದರು. ನೋಡಲಿ ಎಂದು ಇನ್ನೊಮ್ಮೆ ಕೂಗಿದೆ. ಕೊನೆಯ ಸೀಟಿಯಾದ ಮೇಲೆ ಜನ ಎದ್ದು ಚಪ್ಪಾಳೆ ತಟ್ಟಿದರು, ಹುಡುಗರು ನಮ್ಮ ಬದಿಗೆ ಬಂದು ನಿಂತರು, ಯಾರೂ ತಲೆ ತಗ್ಗಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವರು ತಗ್ಗಿಸಿದ್ದರು. ಆದರೂ ಬಂದು ನಿಂತಿದ್ದರು.

ಹೆಡ್ವಿಗ್ ದಾರವನ್ನು ಮಡಚಿ ನನ್ನ ಕೈಯಲ್ಲಿಟ್ಟಳು. ಮನೆಗೆ ಹೋದ ಮೇಲೆ ಹೇಗೂ ಬಿಚ್ಚಿಬಿಡುತ್ತಾಳಂತೆ, ಇವತ್ತಿನದು ನಾನು ಇಟ್ಟುಕೊಳ್ಳಬೇಕಂತೆ. ನನ್ನ ಹತ್ತಿರ ಕೊಡಲು ಅಗಸಿ ಹಿಂಡಿಯ ಡಬ್ಬಿ ಮಾತ್ರ ಇತ್ತು. ಕೊಟ್ಟೆ. ನೋಡಿಕೊಂಡು ತಿನ್ನು ಎಂದು ವಿಜಯಾಳಿಂದ ಎರಡು ಸಲ ಹೇಳಿಸಿದೆ.

ಲಿಂಗಂಪಲ್ಲಿ

ಊರಿಗೆ ಬಂದ ಮರುದಿನವೇ ಶರಣಮ್ಮನ ಮನೆಗೆ ಹೋದೆ. ಮನೆ ಎಂದರೆ, ಮೇಲೇಳುತ್ತಿರುವ ಹದಿನೆಂಟು ಅಂತಸ್ತಿನ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಒಂದು ಸಾಲು. ಅಪ್ಪ ಅಮ್ಮ ಕಟ್ಟಡದ ಮೇಲೆ ಕೆಲಸದಲ್ಲಿದ್ದರು. ಶರಣಮ್ಮ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ನಗಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. "ಶರಣೂ, ಆವತ್ತ ನಾ ತಪ್ಪ್ ಮಾಡಿದೆ. ನಿಮ್ಮನ್ನ ಕೇಳ್ದ ಆಟ ನಿಲ್ಲಿಸ್ಬಾರದಿತ್ತು," ಎಂದೆ. ವಿದ್ಯಾರ್ಥಿನಿಯೊಬ್ಬಳ ಮುಂದೆ ನಾನು ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಅವಳು ನೆಲ ನೋಡಿದಳು. ನಾನು ಸುಮ್ಮನೆ ನಿಂತರೆ ಅತ್ತುಬಿಡುತ್ತೇನೆ ಎನ್ನಿಸಿ ಹೋದ ಕಡೆಯ ಕಥೆ ಹೇಳತೊಡಗಿದೆ, ಸೊನ್ನೆ ಅಂಕದ ದೇಶ, ಅದರ ಪುಟ್ಟ ಮೈದಾನ.

"ಎಷ್ಟಕ್ಕ ಸೋತ್ರೀ ಅವ್ರು?" ಎಂದಳು.

"ಐದಕ್ಕ."

ನಮ್ಮದೇ ಅಂಕಿ. ಅವಳು ಈಗ ನನ್ನ ಮುಖ ನೋಡಿದಳು. "ಪೂರಾ ಆಡಿದ್ರೇನ್ರಿ?"

"ಪೂರಾ ಆಡಿದ್ರು."

"ಕೀಪರ್ ಎಷ್ಟ್ ತಡದ್ನ್ರಿ?"

ನಾನು ಚೀಲದಿಂದ ದಾರ ತೆಗೆದು ಕೊಟ್ಟು, ಅದೇನೆಂದು ಹೇಳಿದೆ. ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ತುಟಿ ಅಲುಗಿಸುತ್ತ ಒಂದೊಂದೇ ಗಂಟು ಮುಟ್ಟಿ ಎಣಿಸಿದಳು. "ಹದಿನಾಲ್ಕು," ಎಂದಳು. ಇನ್ನೊಮ್ಮೆ ಎಣಿಸಿದಳು. ಹದಿನಾಲ್ಕೇ.

"ಆವತ್ತ ನೀ ಎಷ್ಟ್ ತಡದಿದ್ದಿ, ಶರಣೂ? ನಾ ಎಣಿಸಿರಲಿಲ್ಲ."

"ಒಂಬತ್ತ್ರಿ," ಎಂದಳು, ಯೋಚಿಸದೆ. ಆರು ತಿಂಗಳಿಂದ ಆ ಅಂಕಿ ಅವಳ ಬಾಯಲ್ಲೇ ಇತ್ತು, ಕೇಳುವವರು ಇರಲಿಲ್ಲ. "ಇನ್ನೂ ಅರ್ಧ ಆಟ ಇತ್ತಲ್ರಿ ಟೀಚರ್. ಇನ್ನೊಂದಿಷ್ಟ್ ತಡೀತಿದ್ದೆ."

ನಾನು ಅಲ್ಲೇ ನಲ್ಲಿಯ ಕಟ್ಟೆಯ ಮೇಲೆ ಕೂತೆ. ಅತ್ತೆ ಕೂಡ, ಅದನ್ನು ಬರೆಯಲು ಸಂಕೋಚವಿಲ್ಲ. ಅವಳು ನನ್ನ ಚೀಲ ತಾನೇ ತೆರೆದು ಗ್ಲೌಸ್ ತೆಗೆದುಕೊಂಡಳು, ಒಂದು ಕೈಗೆ ಹಾಕಿ ಬೆರಳು ಮಡಚಿ ನೋಡಿದಳು. "ಫಾರಂ ತುಂಬ್ರಿ. ಉಳದವ್ರನ್ನ ನಾ ಕರ್ಕೊಂಡ್ ಬರ್ತೀನಿ. ಆದ್ರ ಈ ಸಲ ನೀವ ಎಣಸ್ಬೇಕ್ರಿ."

ಪ್ರವೇಶ ಪತ್ರ ಕೊಟ್ಟೆ. ಹೆಡ್‌ಮಾಸ್ಟರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಮಳೆಗಾಲದಲ್ಲಿ ಮೊದಲ ಪಂದ್ಯ ಬಂತು. ಬದಿಗೆರೆಯ ಹೊರಗೆ ಒಂದು ಹೊಸ ದಾರ ಹಿಡಿದುಕೊಂಡು ನಿಂತೆ. ಮೊದಲ ಗೋಲು ಬಿತ್ತು, ಎರಡನೆಯದು ಬಿತ್ತು, ಗೋಡೆಯ ಮೇಲೆ ಕೂತವರು ನಕ್ಕರು. ನಾನು ಗಂಟು ಹಾಕುತ್ತಲೇ ಇದ್ದೆ. ನಾಲ್ಕು ಸೊನ್ನೆಯಿಂದ ಸೋತೆವು, ಕೊನೆಯ ಸೀಟಿಯವರೆಗೆ ಆಡಿ ಸೋತೆವು.

ಶರಣಮ್ಮ ಕೆಸರಾದ ಮೈಯಲ್ಲಿ ನೇರ ನನ್ನ ಹತ್ತಿರ ಬಂದು ಕೈ ಚಾಚಿದಳು. ದಾರ ಕೊಟ್ಟೆ. ಎಣಿಸಿದಳು, ಹುಬ್ಬು ಗಂಟಿಕ್ಕಿದಳು.

"ಹನ್ನೊಂದು ಹಾಕೀರಿ ಟೀಚರ್. ಹನ್ನೆರಡ್ರಿ. ಕಾಲಿಲೆ ತಡದದ್ದ್ ಬಿಟ್ಟೀರಿ."

ಅಲ್ಲೇ ನಿಂತು ಇನ್ನೊಂದು ಗಂಟು ಹಾಕಿದೆ.